ಯಾವ ಹಾಡಿನಲ್ಲಿ ಬಿದ್ದ?

ಇನಾಸ್ ಮಾಸ್ತರು ಮೂವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದಿದವರು. ಬ್ಯಾಂಡಿನವರನ್ನು ಕರೆಯುವವರೇ ಇಲ್ಲವಾದಾಗ ಡಿಜೆ ಕೆಲಸ ಕಲಿತರು. ಹೊಳೆದಂಡೆಯ ಶೆಡ್ಡಿನಲ್ಲಿ ಅವರಿಗೆ ಒಬ್ಬಳೇ ಶಿಷ್ಯೆ, ವಿನುತಾ.

ಒಂದು ದಿನ ಅವಳು ಎರಡು ಹಾಡು ಕೂಡಿಸಿದಳು. ಎರಡಕ್ಕೂ ನಿಮಿಷಕ್ಕೆ ನೂರಿಪ್ಪತ್ತು ಪೆಟ್ಟು. ಪೆಟ್ಟಿನ ಮೇಲೆ ಪೆಟ್ಟು ಸರಿಯಾಗಿ ಕೂತಿತ್ತು. ಆದರೂ ಕಿವಿಗೆ ಕಹಿ.

"ಲಯ ಸರಿ ಇದೆಯಲ್ಲ ಮಾಸ್ತರೇ?"

ಮಾಸ್ತರು ಲ್ಯಾಪ್‌ಟಾಪ್ ಮುಚ್ಚಿದರು. "ಒಂದು ಹಾಡು ನೀ ಗುನುಗು. ಇನ್ನೊಂದು ನಾ ಗುನುಗ್ತೇನೆ."

ಎರಡನೇ ಸಾಲಿಗೇ ಅವಳ ದನಿ ತಡವರಿಸಿ ನಿಂತಿತು.

"ನೋಡಿದ್ಯಾ ತಂಗಿ. ಕಾಲು ಒಟ್ಟಿಗೆ ನಡೆದರೆ ಸಾಲದು. ಒಂದರ ಶ್ರುತಿ ಇನ್ನೊಂದಕ್ಕೆ ಒಗ್ಗಬೇಕು."

"ಲಯ ಏರಿಸುವಾಗ?"

"ಒಂದೊಂದೇ ಪೆಟ್ಟು ಏರಿಸು. ಕುಣಿಯುವವರ ಕಾಲಿಗೆ ಗೊತ್ತಾಗಬಾರದು."

ಮೂರು ವರ್ಷದಲ್ಲಿ ಅವಳು ಅದನ್ನು ಕಲಿತಳು. ಮಾಸ್ತರಿಗಿಂತ ಚೆನ್ನಾಗಿಯೇ ಕಲಿತಳು.

ಒಂದು ಮದುವೆ ಮನೆ. ಊಟ ಮುಗಿದ ಮಧ್ಯಾಹ್ನ, ತಗಡಿನ ಚಪ್ಪರದ ಕೆಳಗೆ ಕುಣಿತ. ವಿನುತಾ ನೂರಿಪ್ಪತ್ತರಿಂದ ಶುರು ಮಾಡಿ ನೂರನಲವತ್ತರವರೆಗೆ ಏರಿದಳು. ಎಲ್ಲಿಯೂ ಬಿಡುವಿಲ್ಲ. ಒಂದೂವರೆ ತಾಸು ಯಾರೂ ಕೂರಲಿಲ್ಲ.

ಮದುಮಗನ ಗೆಳೆಯ ಯೋಗೇಶ ಎದೆ ಹಿಡಿದುಕೊಂಡು ನೆಲಕ್ಕೆ ಬಿದ್ದ. ಅದೂ ಕುಣಿತವೇ ಎಂದುಕೊಂಡು ಜನ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ವಿನುತಾ ಹಾಡಿನ ದನಿ ಇನ್ನಷ್ಟು ಏರಿಸಿದಳು.

ಯಾರೋ ಓಡಿ ಬಂದು ವೈರು ಕೀಳುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿತ್ತು.

ಆಸ್ಪತ್ರೆಯ ದಾರಿಯಲ್ಲಿ ಯೋಗೇಶ ತೀರಿಕೊಂಡ. ಅವನಿಗೆ ಇಪ್ಪತ್ತಾರು. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು, ಯಾರಿಗೂ ತಿಳಿದಿರಲಿಲ್ಲ ಎಂದರು ಡಾಕ್ಟರು. ವಿನುತಾಳನ್ನು ಯಾರೂ ದೂರಲಿಲ್ಲ.

ಅವಳು ಶೆಡ್ಡಿಗೆ ಬಂದಳು. ಎರಡು ದಿನದಿಂದ ಏನೂ ತಿಂದಿರಲಿಲ್ಲ.

"ನಾನು ಕೊಂದೆನಾ ಮಾಸ್ತರೇ?"

"ಅವನು ಬಿದ್ದಾಗ ಎಲ್ಲಿ ನೋಡ್ತಾ ಇದ್ದೆ?"

"ಲ್ಯಾಪ್‌ಟಾಪ್ ಪರದೆ ಮೇಲೆ. ಒಂದು ಹಾಡು ಹೋಗಿ ಇನ್ನೊಂದು ಬರ್ತಾ ಇತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೂಡಿಸಿರಲಿಲ್ಲ. ಅದನ್ನೇ ಸಹಿಸೋಕೆ ಆಗ್ತಿಲ್ಲ."

ಮಾಸ್ತರು ಅಂಗಿ ಹಾಕಿಕೊಂಡರು. "ನಡಿ."

ಯೋಗೇಶನ ತಾಯಿ ಹೊನ್ನಮ್ಮ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಾಸ್ತರು ಕೈ ಮುಗಿದರು.

"ಆ ದಿನ ಹಾಡು ಹಾಕಿದವಳು ಇವಳು. ಇವಳಿಗೆ ಕಲಿಸಿದವನು ನಾನು."

ಹೊನ್ನಮ್ಮ ವಿನುತಾಳ ಮುಖ ನೋಡಿದಳು. ಬೈಯಲಿಲ್ಲ.

"ಅವ ಬೀಳುವಾಗ ಯಾವ ಹಾಡಿತ್ತು?"

ವಿನುತಾ ಬಾಯಿ ತೆರೆದಳು. ಎರಡೂ ಹಾಡಿನ ಶ್ರುತಿ ಅವಳಿಗೆ ಗೊತ್ತಿತ್ತು, ಲಯ ಗೊತ್ತಿತ್ತು.

"ಎರಡಿತ್ತು ಅಮ್ಮ. ಒಂದರೊಳಗೆ ಒಂದು ಸೇರಿತ್ತು."

"ಅವನಿಗೆ ಕಡೇಗೆ ಕೇಳಿದ್ದು ಯಾವುದು?"

"ಗೊತ್ತಿಲ್ಲ ಅಮ್ಮ."

"ಎದುರಿಗೇ ಇದ್ಯಲ್ಲೇ. ಅವನ್ನ ನೋಡ್ಲಿಲ್ವಾ?"

"ಇಲ್ಲ."

ಹೊನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, ಮೊದಲ ಸಲ ಕೇಳುವವಳ ಹಾಗೆ, "ಯಾವ ಹಾಡಿತ್ತು?" ಎಂದಳು.

ವಿನುತಾ ಮತ್ತೆ ಗೊತ್ತಿಲ್ಲ ಎಂದಳು.

ಒಳಗಿನಿಂದ ಯಾರೋ ಬಂದು ಹೊನ್ನಮ್ಮನನ್ನು ಎಬ್ಬಿಸಿ ಕರೆದುಕೊಂಡು ಹೋದರು. ಜಗುಲಿಯಲ್ಲಿ ಇಬ್ಬರೇ ಉಳಿದರು.

ಇಬ್ಬರೂ ಶೆಡ್ಡಿನ ಕಡೆ ಹೊರಟರು. ಹೊಳೆ ಹತ್ತಿರವಾದಾಗ ವಿನುತಾ ನಿಂತಳು.

"ಒಂದು ಹಾಡಿನ ಹೆಸರು ಹೇಳಿಬಿಡಬಹುದಿತ್ತು. ಯಾವುದೋ ಒಂದು. ಆ ತಾಯಿಗೆ ಅಷ್ಟಾದರೂ ಸಮಾಧಾನ ಆಗ್ತಿತ್ತು."

"ಹೇಳಬಹುದಿತ್ತು."

"ಮಾಸ್ತರೇ, ನನಗೆ ಕ್ಷಮೆ ಸಿಗ್ತದಾ?"

"ಅದನ್ನು ಕೇಳೋಕೆ ಹೋಗೋದಾದರೆ, ಆ ಮನೆ ಮೆಟ್ಟಿಲು ಮತ್ತೆ ಹತ್ತಬೇಡ."

"ಮತ್ತೆ ಯಾಕೆ ಹೋಗಲಿ?"

ಮಾಸ್ತರು ನೀರಿನ ಕಡೆ ನೋಡುತ್ತಾ ಹೇಳಿದರು:

"ಆ ತಾಯಿ ನಾಳೆಯೂ ಕೇಳ್ತಾಳೆ, ತಂಗಿ. ಗೊತ್ತಿಲ್ಲ ಅಂತ ಹೇಳೋಕಾದರೂ ಎದುರಿಗೆ ಒಬ್ಬರು ಬೇಕು."