ಹಂಡೆಯಲ್ಲಿ ಹೋದ ಹಸಿರು

ಶಿಷ್ಯನು ಕೇಳಿದನು: "ಗುರುಗಳೇ, ಈ ಎರಡು ಸೀಸೆಗಳ ಲವಣದ ನೀರನ್ನು ಒಂದಕ್ಕೊಂದು ಸೇರಿಸಿಬಿಡಲೇ? ಇದರಲ್ಲಿ ಪ್ರೇಸಿಯೋಡಿಮಿಯಂ ಸ್ವಲ್ಪ ಹೆಚ್ಚು, ಅದರಲ್ಲಿ ನಿಯೋಡಿಮಿಯಂ ಸ್ವಲ್ಪ ಹೆಚ್ಚು ಎನ್ನುತ್ತೀರಿ. ನನ್ನ ಕಣ್ಣಿಗೆ ಎರಡೂ ಒಂದೇ. ಲ್ಯಾಂಥನಾಯ್ಡುಗಳು, ಈ ಒಂದೇ ಸಾಲಿನ ಧಾತುಗಳೆಲ್ಲ, ಹೊರಗೆ ಕೊಡುವುದು ಅದೇ ಮೂರು ಎಲೆಕ್ಟ್ರಾನು. ಸೀರಿಯಂ ನಾಲ್ಕು ಕೊಟ್ಟೀತು, ಯುರೋಪಿಯಂ ಎರಡಕ್ಕೇ ನಿಂತೀತು; ಅಂಥವನ್ನು ಹಿಡಿಯಬಹುದು. ಇವೆರಡರಲ್ಲಿ ಹಿಡಿಯುವುದು ಏನನ್ನು? ಕಾಯಿಸಿ ಆರಿಸಿ ನನಗೆ ಸಾಕಾಗಿದೆ."

ಒಂದು ಸೀಸೆಯ ಮುಚ್ಚಳವನ್ನು ಅವನು ಆಗಲೇ ತೆಗೆದಿದ್ದನು. ಗುರುಗಳು ಅದನ್ನು ನೋಡಿದರು. ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಕಸುಬುದಾರನಿದ್ದನು. ಲವಣಗಳನ್ನು ಬೇರ್ಪಡಿಸುವುದು ಅವನ ಕಸುಬು. ಅವನ ಬಳಿ ಇದ್ದದ್ದು ಇವೇ ಎರಡು ಧಾತುಗಳು ಬೆರೆತ ಒಂದು ಮಾಸಲು ಲವಣ. ಅವೆರಡನ್ನು ಬೇರ್ಪಡಿಸುವುದು ಏಕೆ ಅಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕು. ಈ ಧಾತುಗಳ ಸಾಲಿನಲ್ಲಿ ಒಂದು ಮನೆ ಮುಂದೆ ಹೋದರೆ ಪರಮಾಣುವಿನ ನಡುವಿನ ಬೀಜದ ಎಳೆತ ಹೆಚ್ಚುತ್ತದೆ. ಜೊತೆಗೆ ಬರುವ ಎಲೆಕ್ಟ್ರಾನು ಒಳಕೋಣೆಗೆ ಹೋಗಿ ಕೂರುತ್ತದೆ. ಆ ಎಳೆತಕ್ಕೆ ಸರಿಯಾಗಿ ಅಡ್ಡ ನಿಲ್ಲಲು ಅದರಿಂದ ಆಗದು. ಹಾಗಾಗಿ ಮೂರನ್ನು ಕೊಟ್ಟು ಉಳಿದ ಅಯಾನು ತುಸು ಕುಗ್ಗುತ್ತದೆ. ತುಸು ಎಂದರೆ ಬಹಳ ತುಸು. ಆದರೆ ಸಾಲಿನ ಉದ್ದಕ್ಕೂ ಕುಗ್ಗುತ್ತಲೇ ಹೋಗುತ್ತದೆ, ಎಲ್ಲಿಯೂ ಹಿಂದಿರುಗುವುದಿಲ್ಲ.

ಅಯಾನು ತುಸು ಕುಗ್ಗಿದರೆ ಅದರ ಲವಣ ಹರಳುಗಟ್ಟುವ ಬಗೆಯೂ ತುಸು ಬೇರೆಯಾಗುತ್ತದೆ. ಆ ತುಸುವನ್ನು ನಂಬಿ ಕಸುಬುದಾರನು ಬದುಕಿದ್ದನು. ಒಂದು ಕೊಟ್ಟಿಗೆಯಲ್ಲಿ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದನು. ಕಾಯಿಸುವನು, ಆರಲು ಬಿಡುವನು. ಕಟ್ಟಿದ ಹರಳು ಮುಂದಿನ ಪಾತ್ರೆಗೆ, ಉಳಿದ ನೀರು ಹಿಂದಿನ ಪಾತ್ರೆಗೆ. ಇದೇ ಅವನ ಕಟ್ಟಳೆ. ಹೀಗೆ ಮಾಡುತ್ತ ಅವನ ತಲೆ ನರೆಯಿತು.

ಕೊಟ್ಟಿಗೆಯೂ ಪಾತ್ರೆಗಳೂ ಒಬ್ಬ ವರ್ತಕನವು. ವರ್ತಕನಿಗೆ ಪಟಿಕ ಕುದಿಸಲು ಪಾತ್ರೆ ಬೇಕಾಯಿತು. ಒಂದು ಬೆಳಿಗ್ಗೆ ಅವನು ಬಂದು ನಿಂತನು.

"ಇಷ್ಟು ವರ್ಷ ಏನು ಬೇರೆ ಮಾಡಿದೆಯಪ್ಪ? ತೋರಿಸು. ಬೇರೆ ಇದ್ದರೆ ಪಾತ್ರೆ ನಿನ್ನವೇ."

"ಧಣಿಗಳೇ, ಆ ತುದಿಯದನ್ನೂ ಈ ತುದಿಯದನ್ನೂ ಒಟ್ಟಿಗೆ ತೆರೆದು ನೋಡಿ."

"ತುದಿಗೆ ಬಂದಾಗ ತುದಿ ನೋಡೋಣ. ನನಗೆ ವ್ಯಾಪಾರ ಕಲಿಸಬೇಡ."

ವರ್ತಕನು ಸರಕನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿಯೇ ದೊಡ್ಡವನಾದವನು. ಇಲ್ಲಿಯೂ ಹಾಗೆಯೇ ಮಾಡಿದನು. ಮೊದಲ ಎರಡು ಮುಚ್ಚಳ ತೆರೆದನು. ಎರಡರಲ್ಲೂ ಎಲೆಹಸಿರು ನೀರು.

"ಇವೆರಡಕ್ಕೂ ವ್ಯತ್ಯಾಸ ಉಂಟೋ? ನಿಜ ಹೇಳು."

ಕಸುಬುದಾರನು ಸುಳ್ಳು ಹೇಳಲಾರದವನು. "ಕಣ್ಣಿಗೆ ಕಾಣುವಷ್ಟು ಇಲ್ಲ."

ವರ್ತಕನು ಮೊದಲ ಪಾತ್ರೆಯನ್ನು ಪಕ್ಕದಲ್ಲಿದ್ದ ಒಂದು ದೊಡ್ಡ ಹಂಡೆಗೆ ಸುರಿದನು. ಎರಡನೆಯದನ್ನು ಮೂರನೆಯದರೊಡನೆ ನೋಡಿದನು. ಅದೇ ಪ್ರಶ್ನೆ ಕೇಳಿದನು. ಅದೇ ಉತ್ತರ ಬಂತು. ಅದನ್ನೂ ಸುರಿದನು. ಕಸುಬುದಾರನು ಕೈಮುಗಿದು ಪಕ್ಕದಲ್ಲಿ ನಡೆದನು. ಉತ್ತರದ ದನಿ ಪ್ರತಿಸಲವೂ ಸಣ್ಣದಾಯಿತು. ಯಾವ ಪಾತ್ರೆಗೂ ಅದರ ನೆರೆಯ ಪಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಸಾಲು ಮುಗಿಯುತ್ತ ಬಂತು.

ಕೊನೆಯ ಪಾತ್ರೆಗೆ ತಾಳೆ ನೋಡಲು ನೆರೆ ಉಳಿದಿರಲಿಲ್ಲ. ವರ್ತಕನು ಅದನ್ನೊಂದನ್ನೇ ಕೈಗೆತ್ತಿಕೊಂಡನು. ಅದರ ನೀರು ನಸುಗೆಂಪಾಗಿತ್ತು. ಅವನ ಕೈ ಅಲ್ಲಿಯೇ ನಿಂತಿತು.

"ಮೊದಲಿನದು ಹಸಿರಾಗಿತ್ತಲ್ಲ," ಎಂದನು. ಹಂಡೆಯ ಕಡೆಗೆ ತಿರುಗಿದನು. ಹಂಡೆಯಲ್ಲಿ ಹಸಿರು ಇರಲಿಲ್ಲ. ಈ ಎರಡು ಬಣ್ಣಗಳು ಕೂಡಿದರೆ ಒಂದನ್ನೊಂದು ಅಡಗಿಸುತ್ತವೆ. ಅಲ್ಲಿದ್ದುದು ಮಾಸಲು ನೀರು, ಬಹಳ ವರ್ಷಗಳ ಹಿಂದೆ ಕಸುಬುದಾರನು ಕೆಲಸ ಮೊದಲು ಮಾಡಿದಾಗ ಇದ್ದ ಅದೇ ನೀರು.

"ಹಸಿರು ಎಲ್ಲಿ ಹೋಯಿತು?"

"ಹಂಡೆಯಲ್ಲೇ ಇದೆ, ಧಣಿಗಳೇ."

ವರ್ತಕನು ಕೊನೆಯ ಪಾತ್ರೆಯನ್ನು ಮೆಲ್ಲನೆ ಕೆಳಗಿಟ್ಟನು. "ಪಾತ್ರೆಗಳೆಲ್ಲ ನಿನ್ನವು. ಅದನ್ನು ಮತ್ತೆ ಬಿಡಿಸಲು ಎಷ್ಟು ಕಾಲ ಬೇಕು?"

ಕಸುಬುದಾರನು ತನ್ನ ನರೆತ ತಲೆಯನ್ನು ಮುಟ್ಟಿ ತೋರಿಸಿದನು.

ಕತೆ ಮುಗಿಯಿತು. ಶಿಷ್ಯನು ಎರಡು ಸೀಸೆಗಳನ್ನೂ ಹಿಡಿದು ನಿಂತೇ ಇದ್ದನು. ಗುರುಗಳು ಎದ್ದು ಒಂದು ಖಾಲಿ ಪಾತ್ರೆಯನ್ನು ತಂದು ಅವನ ಮುಂದೆ ಇಟ್ಟರು.

"ಎರಡನ್ನೂ ಸುರಿ. ಮತ್ತೆ ಬಿಡಿಸುವವನು ನೀನೇ," ಎಂದರು.