ಬಾಗಿಲ ಹೊರಗಿನ ಕರಿ ಕಲ್ಲುಗಳು

ಒಂದು ಕಾಡಿನಲ್ಲಿ ದೊಡ್ಡದೊಂದು ಗವಿ ಇತ್ತು. ಮಳೆಗಾಲ ಪೂರ್ತಿ ಪ್ರಾಣಿಗಳೆಲ್ಲ ಅದರೊಳಗೆ ಒಟ್ಟಿಗೆ ಕೂತು ಕೆಲಸ ಮಾಡುತ್ತಿದ್ದವು. ಕೋತಿಗಳು ಬಿದಿರು ಸೀಳುತ್ತಿದ್ದವು. ಅಳಿಲುಗಳು ಕಾಯಿ ಸುಲಿಯುತ್ತಿದ್ದವು. ಜಿಂಕೆಗಳು ಹುಲ್ಲು ಹೊಸೆದು ಹಗ್ಗ ಮಾಡುತ್ತಿದ್ದವು. ಕೆಲಸಕ್ಕಿಂತ ಹರಟೆಯೇ ಜಾಸ್ತಿ, ಅದನ್ನು ನಾನೇನು ಮುಚ್ಚಿಡುವುದಿಲ್ಲ. ಆದರೆ ಹೊರಗೆ ಮಳೆ ಧೋ ಅಂತ ಸುರಿಯುವಾಗ ಪಕ್ಕದಲ್ಲಿ ಹರಟೋಕೆ ಒಬ್ಬರಿದ್ದರೆ ಅದಕ್ಕಿಂತ ಇನ್ನೇನು ಬೇಕು, ಹೇಳಿ?

ಗವಿಗೆ ಹಿರಿಯಳು ಒಂದು ಆನೆ. ಎಲ್ಲರೂ ಅದನ್ನು ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು. ಬಾಗಿಲು ಕಾಯುತ್ತಿದ್ದದ್ದು ಒಂದು ಮುದಿ ಆಮೆ. ಹೊಸಬರು ಬಂದರೆ ಆಮೆ ಒಂದೇ ಮಾತು ಕೇಳುತ್ತಿತ್ತು. "ನಿನಗೆ ಏನು ಕೆಲಸ ಬರುತ್ತೆ ಮಗು?" ಹೇಳಿದ ಮೇಲೆ ತಾನೇ ಜೊತೆಗೆ ನಡೆದುಹೋಗಿ ಜಾಗ ತೋರಿಸುತ್ತಿತ್ತು. ಆಮೆಯ ನಡಿಗೆ ನಿಮಗೆ ಗೊತ್ತಲ್ಲ! ಹಿಂದೆ ನಿಂತವರು ಗೊಣಗುತ್ತಿದ್ದರು. "ನಿಂತು ನಿಂತು ಕಾಲು ಬಿದ್ದುಹೋಯ್ತು ತಾತಾ!"

ಈ ಗೊಣಗಾಟ ನರಿಯ ಕಿವಿಗೆ ಬಿತ್ತು. ಗವಿಯಲ್ಲಿ ಒಂದೇ ಒಂದು ಕಲ್ಲಿನ ಮೇಲೆ ಬಿಸಿಲು ಬೀಳುತ್ತಿತ್ತು. ನರಿಗೆ ಮೊದಲಿನಿಂದಲೂ ಅದರ ಮೇಲೆ ಕಣ್ಣು. ಅದು ಆನೆಯ ಬಳಿ ಹೋಗಿ ಬಾಲ ಅಲ್ಲಾಡಿಸಿತು.

"ದೊಡ್ಡಮ್ಮಾ, ಬಾಗಿಲಿನ ಏರ್ಪಾಡು ನನಗೆ ಬಿಟ್ಟುಬಿಡಿ. ಹೊಸದಾಗಿ, ಚೆಂದವಾಗಿ ಮಾಡಿಕೊಡ್ತೀನಿ. ನನಗೆ ಆ ಬಿಸಿಲುಕಲ್ಲು ಕೊಟ್ಟರೆ ಸಾಕು."

"ಮಾಡಪ್ಪಾ," ಎಂದಿತು ಆನೆ. "ಆದರೆ ಬಂದವರ ಅಭಿಪ್ರಾಯ ಕೇಳಬೇಕು. ಒಂದು ಸೋರೆಬುರುಡೆ ಕಟ್ಟು. ಬಾಗಿಲು ಚೆನ್ನಾಗಿದೆ ಅನ್ನೋರು ಬಿಳಿ ಕಲ್ಲು ಹಾಕಲಿ. ತೊಂದರೆ ಆಯ್ತು ಅನ್ನೋರು ಕರಿ ಕಲ್ಲು ಹಾಕಲಿ. ಮಳೆ ಹಿಡಿಯೋ ದಿನ ಬುರುಡೆ ಸುರಿದು ನೋಡೋಣ. ಹತ್ತು ಕರಿ ಕಲ್ಲು ಕಂಡರೂ ಬಿಸಿಲುಕಲ್ಲು ನಿನಗಿಲ್ಲ."

ನರಿ ಬಳ್ಳಿಯ ಬಾಗಿಲು ಹೆಣೆಯಿತು. ಅದರ ಅಗುಳಿ ತೆಗೆಯೋಕೆ ಮೇಲೆ ಒಂದು ಗಿಳಿಯನ್ನು ಕೂರಿಸಿತು. ಗಿಳಿಗೆ ಮೂರೇ ಮೂರು ಮಾತು ಕಲಿಸಿತು. "ಹೆಸರು ಹೇಳು. ಹೂವು ಆರಿಸು. ಪಕ್ಕ ಕೂರುವ ಇಬ್ಬರನ್ನು ತೋರಿಸು." ಹೂವು ಯಾಕೆ ಅಂತೀರಾ? ಕೂರುವ ಜಾಗಕ್ಕೆ ಅಲಂಕಾರ! ಇಬ್ಬರು ಯಾಕೆ? ಒಬ್ಬೊಬ್ಬರೂ ಇಬ್ಬರನ್ನು ಎಳೆದು ತಂದರೆ ಗವಿ ಬೇಗ ತುಂಬುತ್ತೆ, ಬುರುಡೆಯೂ ಬೇಗ ತುಂಬುತ್ತೆ. ಏಳು ದಿನ ಹೊರಗೇ ಉಳಿದವರು ಮತ್ತೆ ಹೊಸಬರ ಹಾಗೆ ಮೊದಲಿನಿಂದ ಬರಬೇಕು ಅಂತಲೂ ಒಂದು ನಿಯಮ ಮಾಡಿತು.

ಇನ್ನು ಬುರುಡೆಯನ್ನು ಎಲ್ಲಿ ಕಟ್ಟುವುದು? ನರಿ ಯೋಚಿಸಿತು. ಹೊರಗೆ ಕಟ್ಟಿದರೆ ವಾಪಸ್ ಹೋಗುವವರು ಸಿಟ್ಟಿನಲ್ಲಿ ಕರಿ ಕಲ್ಲು ಹಾಕಿಬಿಡುತ್ತಾರೆ. ಒಳಗೆ ಕಟ್ಟಿದರೆ ಬಂದವರು ಮಾತ್ರ ಹಾಕುತ್ತಾರೆ. ಬಂದವರಿಗೆ ಏನು ತೊಂದರೆ? ಬುರುಡೆಯನ್ನು ಒಳಗೇ ಕಟ್ಟಿತು. ಎಂಥಾ ಕಳ್ಳಬುದ್ಧಿ ನೋಡಿ!

"ಅಲ್ಲಪ್ಪಾ, ಏನು ಕೆಲಸ ಬರುತ್ತೆ ಅಂತ ಯಾರೂ ಕೇಳೋದೇ ಇಲ್ವಾ?" ಎಂದು ಆಮೆ ಕೇಳಿತು.

"ತಾತಾ, ನಿಮಗೆ ವಯಸ್ಸಾಯ್ತು. ಒಳಗೆ ಹೋಗಿ ಆರಾಮಾಗಿ ಕೂತ್ಕೊಳ್ಳಿ," ಎಂದಿತು ನರಿ. ಆಮೆ ಮೂಲೆಗೆ ಹೋಗಿ ಕೂತಿತು.

ಜಿಂಕೆಗಳು ಹಿಂಡು ಹಿಂಡಾಗಿ ಬಂದವು. ಕೋತಿಗಳು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದವು. ಅವಕ್ಕೆ ಇಬ್ಬರೇನು, ಇಪ್ಪತ್ತು ಜನರನ್ನು ತೋರಿಸೋದೂ ಕಷ್ಟವಿರಲಿಲ್ಲ. ನವಿಲು ಹೂವು ಆರಿಸೋಕೆ ಅರ್ಧ ದಿನ ತೆಗೆದುಕೊಂಡಿತು. ಎಲ್ಲವೂ ನಗುನಗುತ್ತಾ ಬಿಳಿ ಕಲ್ಲು ಹಾಕಿದವು. ಬುರುಡೆ ತುಂಬುತ್ತಾ ಬಂತು.

ಅದೇ ಕಾಡಿನಲ್ಲಿ, ಹಳ್ಳದ ಆಚೆ, ಸೂಜವ್ವ ಎಂಬ ಮುಳ್ಳುಹಂದಿ ಒಂಟಿಯಾಗಿತ್ತು. ಅದರ ತಾಯಿ ಹೋದ ಬೇಸಿಗೆಯಲ್ಲಿ ತೀರಿಕೊಂಡಿತ್ತು. ಸೂಜವ್ವ ಉದುರಿದ ತನ್ನ ಮುಳ್ಳುಗಳಿಂದಲೇ ಎಲೆ ಹೊಲಿದು, ಮಳೆಗೆ ಹೊದೆಯುವ ಕೊಪ್ಪೆ ಮಾಡುತ್ತಿತ್ತು. ಅದು ಹೊಲಿದ ಕೊಪ್ಪೆಯೊಳಗೆ ಒಂದು ಹನಿ ನೀರು ಇಳಿಯುತ್ತಿರಲಿಲ್ಲ. ಆದರೆ ಹೊದೆಯುವವರು ಯಾರು? ಬಿಲದ ತುಂಬ ಕೊಪ್ಪೆಗಳು ಹಾಗೇ ಬಿದ್ದಿದ್ದವು. ಅದನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಒಮ್ಮೊಮ್ಮೆ ತನ್ನ ಹೆಸರನ್ನು ತಾನೇ ಹೇಳಿಕೊಂಡು ಸುಮ್ಮನಾಗುತ್ತಿತ್ತು. ಈ ಮಳೆಗಾಲವನ್ನೂ ಹೀಗೇ ಕಳೆಯೋಕೆ ತನ್ನಿಂದ ಆಗೋದಿಲ್ಲ ಅನ್ನಿಸಿ, ಒಂದು ಬೆಳಿಗ್ಗೆ ಗವಿಗೆ ಹೊರಟಿತು.

"ಹೆಸರು ಹೇಳು," ಎಂದಿತು ಗಿಳಿ.

ಸೂಜವ್ವನಿಗೆ ಎಷ್ಟು ಸಂತೋಷವಾಯಿತೆಂದರೆ, ಹೆಸರನ್ನು ಎರಡು ಸಲ ಹೇಳಿತು.

"ಹೂವು ಆರಿಸು."

ಸೂಜವ್ವ ಒಂದು ತುಂಬೆ ಹೂವು ಆರಿಸಿಕೊಂಡಿತು.

"ಪಕ್ಕ ಕೂರುವ ಇಬ್ಬರನ್ನು ತೋರಿಸು."

"ನನಗೆ ಯಾರೂ ಇಲ್ಲ ಕಣಮ್ಮಾ. ಅದಕ್ಕೇ ಇಲ್ಲಿಗೆ ಬಂದಿದ್ದು."

"ಪಕ್ಕ ಕೂರುವ ಇಬ್ಬರನ್ನು ತೋರಿಸು."

"ಒಳಗೆ ಬಿಟ್ಟರೆ ಯಾರಾದರೂ ಸಿಗ್ತಾರೆ. ನನಗೆ ಹೊಲಿಗೆ ಬರುತ್ತೆ. ಒಂದು ಸಲ ಬಿಟ್ಟು ನೋಡು."

"ಹೆಸರು ಹೇಳು," ಎಂದು ಗಿಳಿ ಮತ್ತೆ ಮೊದಲಿನಿಂದ ಶುರು ಮಾಡಿತು.

ಅಲ್ಲೇ ಹೋಗುತ್ತಿದ್ದ ಜಿಂಕೆಗಳನ್ನು ಸೂಜವ್ವ ಕೇಳಿಕೊಂಡಿತು. "ನಮ್ಮ ಪಕ್ಕ ಆಗಲೇ ತುಂಬಿಹೋಗಿದೆಯಲ್ಲಾ," ಎಂದು ಅವು ಅದರ ಮುಳ್ಳು ನೋಡಿ ದೂರ ಸರಿದವು. ಬಳ್ಳಿಯ ಸಂದಿಯಿಂದ ಬುರುಡೆ ಕಾಣುತ್ತಿತ್ತು. ಸೂಜವ್ವ ಕೈ ಚಾಚಿತು. ಎಟುಕಲಿಲ್ಲ. ಕೊನೆಗೆ ಒಂದು ಕರಿ ಕಲ್ಲನ್ನು ಬಾಗಿಲ ಪಕ್ಕ, ಬಂಡೆಯ ಬುಡದಲ್ಲಿ ಇಟ್ಟು ವಾಪಸ್ ಹೋಯಿತು. ಒಳಗಿನ ನಗು ಹಳ್ಳದವರೆಗೂ ಕೇಳಿಸುತ್ತಿತ್ತು.

ಮರುದಿನ ಮತ್ತೆ ಬಂತು. ಮತ್ತೆ ಅದೇ ಮೂರು ಮಾತು. ಮತ್ತೊಂದು ಕರಿ ಕಲ್ಲು. ಮೂರನೆಯ ದಿನವೂ ಹಾಗೇ ಆಯಿತು. ನಾಲ್ಕನೆಯ ದಿನ ಬಂದು ನೋಡಿದರೆ ಬಂಡೆಯ ಬುಡದಲ್ಲಿ ಐದು ಕಲ್ಲುಗಳಿದ್ದವು.

"ನಾನಿಟ್ಟದ್ದು ಮೂರೇ ಅಲ್ವಾ!" ಎಂದುಕೊಂಡಿತು ಸೂಜವ್ವ. ಯಾರೋ ಬಂದಿದ್ದಾರೆ. ತನ್ನ ಹಾಗೇ ವಾಪಸ್ ಹೋಗಿದ್ದಾರೆ. ಯಾರಿರಬಹುದು? ಆ ದಿನ ಸಂಜೆಯವರೆಗೂ ಅಲ್ಲೇ ಕಾದು ಕೂತಿತು. ಯಾರೂ ಬರಲಿಲ್ಲ. ಆದರೂ ಅಂದು ಬಿಲಕ್ಕೆ ಹೋಗುವಾಗ ಅದರ ಮನಸ್ಸು ಸ್ವಲ್ಪ ಹಗುರವಾಗಿತ್ತು. ಆಮೇಲಿನಿಂದ ಅದು ದಿನಾ ಬರುತ್ತಿದ್ದದ್ದು ಗಿಳಿಗಾಗಿ ಅಲ್ಲ, ಕಲ್ಲು ಹೆಚ್ಚಿವೆಯಾ ಎಂದು ನೋಡೋಕೆ. ದಿನಾ ತನ್ನದೂ ಒಂದು ಇಟ್ಟು ಹೋಗುತ್ತಿತ್ತು. ಕಲ್ಲುಗಳು ಹೆಚ್ಚುತ್ತಲೇ ಇದ್ದವು. ಒಳಗಿನವರು ಮಾತಾಡುತ್ತಾ ಬರುತ್ತಿದ್ದರು, ಹೋಗುತ್ತಿದ್ದರು. ಬಂಡೆಯ ಬುಡ ನೋಡಿದವರು ಒಬ್ಬರೂ ಇಲ್ಲ.

ಎಂಟನೆಯ ದಿನ ನರಿ ಹೊರಗೆ ಬಂತು. ಪಕ್ಕದ ಗುಡ್ಡದ ನರಿಗಳಿಗೆ ತನ್ನ ಬಾಗಿಲಿನ ವಿಷಯ ಹೇಳಿ ಜಂಬ ಕೊಚ್ಚೋಕೆ ಹೊರಟಿತ್ತು.

"ನರಿಯಣ್ಣಾ, ನನ್ನದೊಂದು ಕಲ್ಲು ಆ ಬುರುಡೆಗೆ ಹಾಕ್ತೀಯಾ?" ಎಂದು ಸೂಜವ್ವ ಕೇಳಿತು.

ನರಿ ಕಲ್ಲಿನ ಬಣ್ಣ ನೋಡಿ ನಕ್ಕಿತು. "ಒಳಗೆ ಬಂದವರದ್ದು ಮಾತ್ರ ಅಭಿಪ್ರಾಯ ಕಣೇ. ನೀನು ಬಂದೇ ಇಲ್ವಲ್ಲಾ!" ಎಂದು ಬಾಲ ಎತ್ತಿಕೊಂಡು ಹೋಯಿತು.

ಗುಡ್ಡದಲ್ಲಿ ನರಿ ಉಂಡಿತು, ಮಲಗಿತು, ಜಂಬ ಕೊಚ್ಚಿತು. ಕೇಳಿ ಕೇಳಿ ಅಲ್ಲಿನ ನರಿಗಳಿಗೆ ತಲೆ ಚಿಟ್ಟು ಹಿಡಿಯಿತು. ಗವಿ ಬಿಟ್ಟು ಒಂಬತ್ತನೆಯ ದಿನ ಆಕಾಶ ಕಪ್ಪಾಯಿತು. ನರಿ ಒಂದೇ ಉಸಿರಿಗೆ ಓಡಿ ಬಂತು. ಬಾಗಿಲಿಗೆ ಬರುವಷ್ಟರಲ್ಲಿ ಮೊದಲ ಹನಿ ಮೂಗಿನ ಮೇಲೆ ಬಿತ್ತು.

"ಹೆಸರು ಹೇಳು," ಎಂದಿತು ಗಿಳಿ.

"ನಾನು ಕಣೇ! ನಿನಗೆ ಮಾತು ಕಲಿಸಿದ್ದೇ ನಾನು!"

"ಹೂವು ಆರಿಸು."

ನರಿ ಕೈಗೆ ಸಿಕ್ಕಿದ ಹೂವನ್ನು ಕಿತ್ತುಕೊಂಡಿತು.

"ಪಕ್ಕ ಕೂರುವ ಇಬ್ಬರನ್ನು ತೋರಿಸು."

ನರಿ ಸುತ್ತ ನೋಡಿತು. ಬಂಡೆಯ ಕೆಳಗೆ ಸೂಜವ್ವ ಮಾತ್ರ ಮುದುರಿ ಕೂತಿತ್ತು.

"ಸೂಜವ್ವಾ, ನನ್ನ ತಾಯೀ, ನನ್ನ ಪಕ್ಕ ಕೂರ್ತೀಯಾ?"

"ಕೂರ್ತೀನಿ. ನನ್ನ ಪಕ್ಕ ನೀನು ಕೂರ್ತೀಯಾ?"

"ಅಯ್ಯೋ, ಅದಕ್ಕೇನು, ಧಾರಾಳವಾಗಿ!"

"ಇಬ್ಬರನ್ನು ತೋರಿಸು," ಎಂದಿತು ಗಿಳಿ. ನರಿಗೂ ಒಬ್ಬರು ಕಡಿಮೆ, ಸೂಜವ್ವನಿಗೂ ಒಬ್ಬರು ಕಡಿಮೆ. ಮಳೆ ಜೋರಾಯಿತು. ನರಿ ಬಾಗಿಲು ಬಡಿದು ಊಳಿಡತೊಡಗಿತು.

ಆನೆ ಬಾಗಿಲ ಹತ್ತಿರ ಬಂತು. "ಬಾರೋ ನರಿಯಪ್ಪಾ. ಬುರುಡೆ ಸುರಿಯೋಕೆ ನಿನಗೇ ಕಾಯ್ತಾ ಇದ್ದೀವಿ."

"ಬರೋಕೆ ಬಿಡ್ತಾ ಇಲ್ಲ ದೊಡ್ಡಮ್ಮಾ! ಇದು ಹಾಳು ಬಾಗಿಲು!"

"ಹಾಳು ಬಾಗಿಲಾ? ಬುರುಡೆ ತುಂಬಾ ಬಿಳಿ ಕಲ್ಲೇ ಇದೆಯಲ್ಲೋ?"

"ಬುರುಡೆ ಒಳಗಿದೆಯಮ್ಮಾ! ಹೊರಗೆ ಉಳಿದವರು ಅದಕ್ಕೆ ಕರಿ ಕಲ್ಲು ಹೇಗೆ ಹಾಕ್ತಾರೆ?"

ಹೇಳಿದ ಮೇಲೆ ನರಿ ನಾಲಿಗೆ ಕಚ್ಚಿಕೊಂಡಿತು. ಆನೆ ಅದನ್ನೇ ದಿಟ್ಟಿಸಿ ನೋಡಿತು. "ಅಂದರೆ ಇದು ನಿನಗೆ ಮೊದಲೇ ಗೊತ್ತಿತ್ತು," ಎಂದಿತು. ನರಿ ತಲೆ ತಗ್ಗಿಸಿತು.

ಆನೆ ಸೊಂಡಿಲಿನಿಂದ ಬಾಗಿಲನ್ನೇ ಕಿತ್ತು ಪಕ್ಕಕ್ಕೆಸೆದು ಹೊರಗೆ ಬಂತು. ಕಾಲಿಗೆ ಏನೋ ಒತ್ತಿತು. ಬಗ್ಗಿ ನೋಡಿದರೆ ಕರಿ ಕಲ್ಲುಗಳ ಗುಡ್ಡೆ, ನಲವತ್ತಕ್ಕೆ ಕಡಿಮೆ ಇರಲಿಲ್ಲ.

"ಇವೆಲ್ಲಾ ನಿನ್ನವಾ ಮಗಳೇ?"

"ನನ್ನವು ಹದಿನೇಳು ದೊಡ್ಡಮ್ಮಾ. ಮಿಕ್ಕಿದ್ದು ಯಾರದ್ದೋ, ನಾನು ನೋಡಲಿಲ್ಲ." ಎಂದಿತು ಸೂಜವ್ವ. "ಎಲ್ಲರೂ ಒಬ್ಬೊಬ್ಬರೇ ಬಂದು ಒಬ್ಬೊಬ್ಬರೇ ಹೋಗಿಬಿಟ್ಟರು. ಒಂದು ದಿನವಾದರೂ ಮೂರು ಜನ ಒಟ್ಟಿಗೆ ಸಿಕ್ಕಿದ್ದರೆ ನಮಗೆ ನಾವೇ ಜೊತೆ ಆಗ್ತಿದ್ವಿ."

ಆನೆ ಒಳಗೆ ತಿರುಗಿ ಆಮೆಯನ್ನು ಕರೆಯಿತು. ಆಮೆ ನಿಧಾನವಾಗಿ ನಡೆದು ಬಂತು. ಯಾರೂ ಗೊಣಗಲಿಲ್ಲ.

"ನಿನಗೆ ಏನು ಕೆಲಸ ಬರುತ್ತೆ ಮಗು?"

"ಹೊಲಿಗೆ," ಎಂದಿತು ಸೂಜವ್ವ. ಅಷ್ಟು ಹೇಳುವಷ್ಟರಲ್ಲಿ ಅದಕ್ಕೆ ಅಳು ಬಂದುಬಿಟ್ಟಿತು.

"ಬಾ, ಜಾಗ ತೋರಿಸ್ತೀನಿ," ಎಂದು ಆಮೆ ಮುಂದೆ ನಡೆಯಿತು.

ನರಿ ಮೆಲ್ಲಗೆ ಹಿಂದಿನಿಂದ ನುಸುಳೋಕೆ ನೋಡಿತು. ಆನೆ ಸೊಂಡಿಲು ಅಡ್ಡ ಹಿಡಿಯಿತು. "ನೀನಲ್ಲ. ಈ ಕಲ್ಲು ಇಟ್ಟವರನ್ನು ಹುಡುಕಿ ಕರೆದುಕೊಂಡು ಬಾ. ಆಮೇಲೆ ನೀನು ಒಳಗೆ."

ನರಿ ಸುರಿಯೋ ಮಳೆಯಲ್ಲಿ ಬಿಲ ಬಿಲಕ್ಕೂ ಹೋಗಿ ಕೂಗಿತು. ಎಷ್ಟೋ ದಿನದ ಮೇಲೆ ಒಂದು ಉಡ, ಒಂದು ಕುಂಟ ಮೊಲ, ಒಂದು ಮುದಿ ಗೌಜಲಕ್ಕಿ ಅದರ ಹಿಂದೆ ಬಂದವು. ಉಳಿದವರು ಸಿಗಲೇ ಇಲ್ಲ. ಅವರು ಯಾವ ಕಾಡಿಗೆ ಹೋದರೋ, ಆ ಮಳೆಗಾಲ ಹೇಗೆ ಕಳೆದರೋ, ಯಾರಿಗೂ ಗೊತ್ತಾಗಲಿಲ್ಲ. ನರಿ ಮಳೆಗಾಲ ಮುಗಿಯುವವರೆಗೂ ಹುಡುಕುತ್ತಲೇ ಇತ್ತು. ಬಿಸಿಲುಕಲ್ಲಿನ ಮೇಲೆ ಗೌಜಲಕ್ಕಿ ಕೂತಿತು.

ಬುರುಡೆಯನ್ನು ಬಾಗಿಲ ಹೊರಗೆ ಕಟ್ಟಿದರು. ಸೂಜವ್ವ ಬಾಗಿಲ ಹತ್ತಿರವೇ ಕೂತು ಕೊಪ್ಪೆ ಹೊಲಿಯುತ್ತಿತ್ತು. ಹೊರಗೆ ಹೆಜ್ಜೆಯ ಸದ್ದಾದರೆ ಸಾಕು, ತಲೆ ಎತ್ತಿ ನೋಡುತ್ತಿತ್ತು. ತನ್ನ ಎರಡೂ ಪಕ್ಕ ಒಂದೊಂದು ಜಾಗವನ್ನು ಯಾವಾಗಲೂ ಬಿಟ್ಟುಕೊಂಡೇ ಕೂರುತ್ತಿತ್ತು.

ನೀತಿ: ಒಳಗೆ ಬಂದವರ ಹೊಗಳಿಕೆ ಕೇಳಿ ಬಾಗಿಲು ಚೆನ್ನಾಗಿದೆ ಎಂದುಕೊಳ್ಳಬಾರದು, ಬರಲಾಗದೆ ಹೊರಗೆ ಉಳಿದವರನ್ನು ಹುಡುಕಿ ಕೇಳಬೇಕು.