ಮಾರೋಜ ಕಿತ್ತ ಏಳು ಸಾಲು

ಏ, ಮಾತು ಸಾಕು, ಕೇಳ್ರಿ. ಭಾಳ ಹಿಂದ, ಯಾವ ಕಾಲ ಅಂತ ಮಾತ್ರ ಕೇಳಬ್ಯಾಡ್ರಿ, ಭೀಮಾ ನದಿ ದಂಡಿಗೆ ಒಂದು ಊರಾಗ ಮಾರೋಜ ಅಂತ ಗ್ವಾಡಿ ಕಟ್ಟೋ ಗೌಂಡಿ ಒಬ್ಬ ಇದ್ದನಂತ. ಆ ಊರಾಗ ವಯಸ್ಸಾದ ಭಿಕ್ಷು ಒಬ್ಬರು ತೀರಿಕೊಂಡರು. ಅವರ ಅಸ್ಥಿ ಇಡಾಕ ಸ್ತೂಪ ಕಟ್ಟು ಅಂತ ಊರವರು ಮಾರೋಜಗ ಹೇಳಿದರು. ಹುಣ್ಣಿಮಿ ಒಳಗ ಗ್ವಾಡಿ ಎದಿಮಟ ಏಳದಿದ್ರ ಅಸ್ಥಿ ಹೊಳಿ ಆಚಿ ಊರಿಗೆ ಹೋಗ್ತದ, ಹಂಗಂತ ಅವರ ಜೋಡಿ ಇದ್ದ ಭಿಕ್ಷುಗಳ ಮಾತಾಗಿತ್ತಂತ.

ಸ್ತೂಪ ಅಂದ್ರ ಸುಮ್ನಲ್ಲ. ನಡುವ ಗೂಟ ಬಡದು, ಅದಕ್ಕ ಪುಂಡಿನಾರಿನ ಹಗ್ಗ ಕಟ್ಟಿ, ಜಗ್ಗಿ ಹಿಡದು ಸುತ್ತ ಗೆರಿ ಎಳೀಬೇಕು. ಆ ಗೆರಿ ಮ್ಯಾಲ ಇಟ್ಟಂಗಿ ಗ್ವಾಡಿ, ಒಳಗ ಮಣ್ಣು, ಮ್ಯಾಲ ಗುಮ್ಮಟ, ಹೊರಗ ಬಿಳಿ ಕಲ್ಲು, ನೆತ್ತಿಗೆ ಕಲ್ಲಿನ ಛತ್ರಿ. ಗೆರಿ ತಪ್ಪಿದ್ರ ಭಾರ ಒಂದೇ ಕಡೆ ಬಿದ್ದು ಗುಮ್ಮಟ ಸೀಳ್ತದ.

ಮಾರೋಜ ಅರ್ಧ ಗೆರಿ ಬಿಸಲಾಗ ಎಳದ. ಸಂಜಿಗೆ ಮಳಿ ಬಂತು. ಮರುದಿನ ತೊಯ್ದ ಹಗ್ಗದಲೇ ಉಳದರ್ಧ ಎಳದ. ಪುಂಡಿ ಹಗ್ಗ ತೊಯ್ದ್ರ ಗಿಡ್ಡ ಆಗ್ತದ. ಅವಸರದಾಗ ಅದು ಅವನ ತಲ್ಯಾಗ ಹೊಳೀಲೇ ಇಲ್ಲ. ಏಳು ಸಾಲು ಎದ್ದರೂ ಯಾರ ಕಣ್ಣಿಗೂ ತಪ್ಪು ಕಾಣಲಿಲ್ಲ.

ಅವನ ತಾಯಿ ಕಾಳವ್ವಗ ಕಣ್ಣಿರಲಿಲ್ಲ. ಮಗ ಕಟ್ಟಿದ್ದು ನೋಡ್ತೀನಂತ ಬಂದು, ಗ್ವಾಡಿಗೆ ಅಂಗೈ ಹಚ್ಚಿ ಸುತ್ತು ಬಂದಳಂತ. ಒಂದು ಕಡೆ ನಿಂತು, "ಇಲ್ಲಿ ಗ್ವಾಡಿ ಒಳಗ ಸರದದ ಮಗಾ" ಅಂದಳಂತ.

ಆವಾಗ ಮಾರೋಜಗ ತೊಯ್ದ ಹಗ್ಗದ ನೆನಪಾತು, ಕಿತ್ತು ಮತ್ತ ಕಟ್ತೀನಿ ಅಂದ. ಊರವರು ಸಿಟ್ಟಿಗೆದ್ದರು. ಹುಣ್ಣಿಮಿಗೆ ಐದೇ ದಿನ, ಕಲ್ಲು ಹಚ್ಚಿದ ಮ್ಯಾಲ ಯಾರಿಗೆ ತಿಳೀತದ ಅಂದರು. ಖರೆ ಹೇಳ್ತೀನಿ, ನಾ ಆಗಿದ್ರ ಸುಮ್ನ ಮಣ್ಣು ತುಂಬಿಬಿಡ್ತಿದ್ದೆ. ಮಾರೋಜ ಹಟಮಾರಿ. ಇದು ಬಿದ್ರ ಆ ಮುದುಕರ ಎಲುಬು ಬಯಲಿಗೆ ಬೀಳ್ತಾವ ಅಂದ. ಏಳೂ ಸಾಲು ಒಬ್ಬನೇ ಕಿತ್ತನಂತ. ಬೆರಳಾಗ ರಕ್ತ ಬಂದರೂ ಬಿಡಲಿಲ್ಲಂತ. ಹಗ್ಗ ಒಣಗಿಸಿ ಹೊಸ ಗೆರಿ ಎಳದ.

ಹುಣ್ಣಿಮಿ ದಿನ ಭಿಕ್ಷುಗಳು ಬಂದಾಗ ಮೂರೇ ಸಾಲು ಎದ್ದಿತ್ತು. ಅವರು ಅಸ್ಥಿ ಕರಡಿಗಿ ಎತ್ತಿಕೊಂಡು ಹೊಳಿ ಕಡೆ ತಿರುಗಿದರು. ಮಾರೋಜ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ತನ್ನ ತಪ್ಪು ತಾನೇ ಹೇಳಿ, ಗ್ವಾಡಿ ಮುಟ್ಟಿ ನೋಡಿ ಆಮ್ಯಾಲ ಹೋಗ್ರಿ ಅಂದ. ಹಿರೇ ಭಿಕ್ಷು ಕಣ್ಣು ಮುಚ್ಚಿ, ಅಂಗೈ ಹಚ್ಚಿ, ಒಂದು ಸುತ್ತು ಬಂದರಂತ. ಮುಗಿಯೋ ತನಕ ಇಲ್ಲೇ ಇರ್ತೀವಿ ಅಂತ ಅಲ್ಲೇ ಕುಂತುಬಿಟ್ಟರಂತ.

ಈಗ ಸುದ್ದಾ ನಮ್ಮ ಕಡೆ ಮನಿ ಕಟ್ಟುವಾಗ ಮೊದಲ ಸಾಲು ಬಿದ್ದ ಕೂಡಲೇ ಗೌಂಡಿ ಕೆಲಸ ನಿಲ್ಲಸ್ತಾನ. ಮನ್ಯಾಗಿನ ಹಿರೇ ಹೆಣ್ಣುಮಗಳು ಕಣ್ಣು ಮುಚ್ಚಿ ಗ್ವಾಡಿ ಮುಟ್ಟಿಕೋತ ಸುತ್ತು ಬರ್ತಾಳ. ಆಕಿ ಹೂಂ ಅಂದ್ರ ಎರಡನೇ ಸಾಲು. ಊಹೂಂ ಅಂದ್ರ, ಎಂಥಾ ಗೌಂಡಿ ಆದರೂ ತುಟಿ ಪಿಟಕ್ ಅನ್ನದ ಕೀಳಬೇಕು.